ಆರು ಕಡವು, ಒಂದು ಬಾಡಿಗೆ ಕಾರು

ಮುಂಬಯಿಯಿಂದ ಕುಮಟಾಕ್ಕೆ ಹೋಗುವ ನಮ್ಮಂಥವರಿಗೆ ದಾರಿಯೆಂಬುದು ಒಂದು ರಾತ್ರಿಯ ಸಂಗತಿ. 1998ರ ಜನವರಿ 26ರಂದು ಕೊಂಕಣ ರೈಲ್ವೆ ಪೂರ್ಣವಾಗಿ ತೆರೆದುಕೊಂಡ ಮೇಲೆ ಊರು ಹತ್ತಿರವಾಯಿತು, ನಡುವಿನದೆಲ್ಲ ಮರೆಯಾಯಿತು. 90ಕ್ಕೂ ಹೆಚ್ಚು ಸುರಂಗಗಳಿರುವ ಆ ಹಾದಿಯಲ್ಲಿ ಕಡಲ ಪಕ್ಕದಲ್ಲೇ ಸಾಗುತ್ತಿದ್ದೇವೆಂಬ ಭಾವವೇ ಪ್ರಯಾಣಿಕನಿಗೆ ಬರುವುದಿಲ್ಲ. ಬರುವ ಡಿಸೆಂಬರಿನಲ್ಲಿ ಒಮ್ಮೆಯಾದರೂ ದಂಡೆ ಹಿಡಿದು, ಬಾಡಿಗೆಯ ಕಾರಿನಲ್ಲಿ, ನಿಧಾನವಾಗಿ ಊರು ಸೇರಬೇಕೆಂದು ನಾವು ನಿಶ್ಚಯಿಸಿದ್ದೇವೆ. ಹೊರಡಲು ಇನ್ನೂ ವಾರಗಳಿವೆ. ಆದರೆ ಸಿದ್ಧತೆಯ ಈ ದಿನಗಳೇ ಕರಾವಳಿಯ ಬಗ್ಗೆ ನನಗಿದ್ದ ತಿಳಿವಳಿಕೆಯನ್ನು ಅಷ್ಟಿಷ್ಟು ಬದಲಿಸಿವೆ. ಬಳಗದ ಕೆಲವು ಗೆಳೆಯರು ದಾರಿಯ ವಿವರ ಕೇಳಿದ್ದರಿಂದ ಎರಡನ್ನೂ ಸೇರಿಸಿ ಬರೆಯುತ್ತಿದ್ದೇನೆ.

ಈ ಯೋಚನೆ ಮೂಲತಃ ಅಪ್ಪನದು. ಅವರಿಗೀಗ 78 ವರ್ಷ. ಪ್ರಾಥಮಿಕ ಶಾಲೆಯ ಮಾಸ್ತರಿಕೆಯಿಂದ ನಿವೃತ್ತರಾದವರು. ಅಮ್ಮ ತೀರಿಕೊಂಡ ಮೇಲೆ ಎರಡು ವರ್ಷಗಳಿಂದ ನಮ್ಮ ಸರ್ಕಾರಿ ಕ್ವಾರ್ಟರ್ಸಿನ ನಾಲ್ಕನೆಯ ಮಹಡಿಯಲ್ಲಿದ್ದಾರೆ. ಊರಿಗೆ ಹೋಗಬೇಕೆಂದು ಅವರು ಹೇಳಿದಾಗ ನಾನು ಎಂದಿನಂತೆ ರೈಲಿನ ಮಾತೆತ್ತಿದೆ. ಅವರು ತಮ್ಮ ತಂದೆಯ ಮಾತೆತ್ತಿದರು. ಅಜ್ಜ ಹರೆಯದಲ್ಲಿ ಕಾರವಾರದಿಂದ ಆಗಬೋಟು ಹತ್ತಿ, ಬಂದರು ಬಂದರಿಗೆ ನಿಲ್ಲುತ್ತ ಮುಂಬಯಿಗೆ ಬಂದವರಂತೆ. ರತ್ನಾಗಿರಿ, ವಿಜಯದುರ್ಗ, ಮಾಲವಣ, ವೆಂಗುರ್ಲೆ ಎಂದು ಆ ಬಂದರುಗಳ ಹೆಸರನ್ನು ಮಕ್ಕಳಿಗೆ ಮಗ್ಗಿಯಂತೆ ಹೇಳಿಕೊಡುತ್ತಿದ್ದರಂತೆ. ಹೆಸರುಗಳು ಅಪ್ಪನಿಗೆ ಇಂದಿಗೂ ಕಂಠಪಾಠ. ಊರುಗಳನ್ನು ಮಾತ್ರ ಅವರು ನೋಡಿಲ್ಲ.

ಅಜ್ಜನ ಆ ಪಯಣ ಪರರಾಜ್ಯಕ್ಕೆ ಮಾಡಿದ್ದಲ್ಲ ಎಂಬುದನ್ನು ಇಲ್ಲಿ ನೆನೆಯಬೇಕು. 1862ರಲ್ಲಿ ಉತ್ತರ ಕನ್ನಡವು ಮದರಾಸಿನಿಂದ ಮುಂಬಯಿ ಪ್ರಾಂತಕ್ಕೆ ಸೇರಿತು. 1956ರ ನವೆಂಬರ್ 1ರಂದು ಮೈಸೂರು ರಾಜ್ಯಕ್ಕೆ ಬರುವವರೆಗೂ ನಮ್ಮ ಜಿಲ್ಲೆಯ ರಾಜಧಾನಿ ಮುಂಬಯಿಯೇ. ರವೀಂದ್ರನಾಥ ಠಾಕೂರರು ಕಾರವಾರದ ಕಡಲ ತೀರಕ್ಕೆ ಬಂದುಳಿದದ್ದು, ಅವರ ಅಣ್ಣ ಸತ್ಯೇಂದ್ರನಾಥರು ಅಲ್ಲಿ ಮುಂಬಯಿ ಪ್ರಾಂತದ ನ್ಯಾಯಾಧೀಶರಾಗಿದ್ದುದರಿಂದ. ಹನೇಹಳ್ಳಿಯ ಯಶವಂತ ಚಿತ್ತಾಲರು ಬಾಂದ್ರಾದ ಸಮುದ್ರದೆದುರು ಕುಳಿತು ಹನೇಹಳ್ಳಿಯನ್ನೇ ಬರೆಯುತ್ತಿದ್ದುದರಲ್ಲಿ ನನಗೆ ಕಾಣುವುದೂ ಇದೇ: ಎರಡೂ ಒಂದೇ ನೀರಿನ ಎರಡು ದಡಗಳು.

ದಕ್ಷಿಣಕ್ಕೆ ಹೋಗಲು ರಸ್ತೆಗಳು ಎರಡು. ಪನವೇಲಿನಿಂದ ಕನ್ಯಾಕುಮಾರಿಯವರೆಗೆ ಸಾಗುವ ರಾಷ್ಟ್ರೀಯ ಹೆದ್ದಾರಿ 66 ಒಂದು. ನಮ್ಮ ತಲೆಮಾರಿನವರ ಬಾಯಲ್ಲಿ ಇನ್ನೂ ಹದಿನೇಳು. ಇದು ಮಹಾರಾಷ್ಟ್ರದುದ್ದಕ್ಕೂ ಕಡಲಿಂದ ಸಾಕಷ್ಟು ಒಳಗೆ, ಮಹಾಡ, ಚಿಪಳೂಣ, ಕಣಕವಲಿಗಳ ಮೂಲಕ ಹೋಗುತ್ತದೆ. ಕಡಲನ್ನು ಕಾಣಿಸುವುದು ಕಾರವಾರ ತಲುಪಿದ ಮೇಲೆಯೇ. ಇನ್ನೊಂದು, ರೇವಸದಿಂದ ರೇಡಿಯವರೆಗಿನ ದಂಡೆಯ ರಸ್ತೆ. 1980ರ ದಶಕದ ಆರಂಭದಲ್ಲಿ ಮುಖ್ಯಮಂತ್ರಿಯಾಗಿದ್ದ ರಾಯಗಡ ಜಿಲ್ಲೆಯ ಬ್ಯಾರಿಸ್ಟರ್ ಎ. ಆರ್. ಅಂತುಳೆಯವರ ಕನಸಿನ ರಸ್ತೆ ಅದು. ನಾವು ಆರಿಸಿದ್ದು ಇದನ್ನು.

ನಕ್ಷೆಯನ್ನು ಮೇಜಿನ ಮೇಲೆ ಹರಡಿದಾಗ ಮೊದಲು ಕಂಡ ಸತ್ಯವೆಂದರೆ, ಕರಾವಳಿ ಒಂದು ಗೆರೆಯಲ್ಲ. ಸಹ್ಯಾದ್ರಿಯಿಂದಿಳಿಯುವ ಪ್ರತಿಯೊಂದು ನದಿಯೂ ಕಡಲು ಸೇರುವಲ್ಲಿ ಅಗಲವಾದ ಅಳಿವೆಯಾಗಿ ದಂಡೆಯನ್ನು ಕತ್ತರಿಸುತ್ತದೆ. ಅಂಥ ಕಡೆ ರಸ್ತೆ ನೀರಿನಂಚಿಗೆ ಬಂದು ನಿಂತುಬಿಡುತ್ತದೆ. ಅಲ್ಲಿಂದ ಕಾರನ್ನೂ ಜನರನ್ನೂ ಹೊತ್ತು ದಾಟಿಸುವುದು ಜಂಗಲ್. ನಮ್ಮ ಯೋಜನೆಯಲ್ಲಿ ಇಂಥ ಕಡವುಗಳು ಆರು. ಮೊದಲನೆಯದು ಮುಂಬಯಿಯ ಭಾವೂಚಾ ಧಕ್ಕೆಯಿಂದ ಮಾಂಡವೆಗೆ. ಇದು 2020ರಲ್ಲಿ ಆರಂಭವಾದ ದೊಡ್ಡ ರೋ-ರೋ ಹಡಗು, ಸುಮಾರು ಒಂದು ಗಂಟೆಯ ಪಯಣ. ಎರಡನೆಯದು ಮುರುಡದ ಬಳಿಯ ಆಗರದಾಂಡೆಯಿಂದ ದಿಘಿಗೆ. ಮೂರನೆಯದು ಬಾಗಮಾಂಡಲೆಯಿಂದ ವೇಶ್ವಿಗೆ, ಸಾವಿತ್ರಿ ನದಿಯ ಮೇಲೆ. ನಾಲ್ಕನೆಯದು ದಾಭೋಳದಿಂದ ಧೋಪಾವೆಗೆ, ವಾಶಿಷ್ಠಿಯ ಮೇಲೆ. ಐದನೆಯದು ತವಸಾಳದಿಂದ ಜಯಗಡಕ್ಕೆ, ಶಾಸ್ತ್ರಿ ನದಿಯ ಮೇಲೆ. ಆರನೆಯದು ತೆರೆಖೋಲದಿಂದ ಗೋವೆಯ ಕೇರಿಗೆ.

ದಿನಗಳ ಲೆಕ್ಕ ಹೀಗೆ. ಮೊದಲ ದಿನ ಅಲಿಬಾಗ, ರೇವದಂಡಾ, ಕಾಶೀದ ದಾಟಿ ಮುರುಡದಲ್ಲಿ ವಸತಿ; ನೀರಿನ ನಡುವಿನ ಜಂಜಿರಾ ಕೋಟೆ ಅಲ್ಲಿಂದ ಹತ್ತಿರ. ಎರಡನೆಯ ದಿನ ಶ್ರೀವರ್ಧನ, ಹರಿಹರೇಶ್ವರ, ಕೇಳಶಿಗಳ ಮೂಲಕ ಹರ್ಣೈ. ಸಂಜೆಯ ಮೀನು ಹರಾಜಿನ ಹೊತ್ತಿಗೆ ಅಲ್ಲಿರಬೇಕು. ಮೂರನೆಯ ದಿನ ಗುಹಾಗರ, ಆಧುನಿಕ ಮರಾಠಿ ಕಾವ್ಯದ ಆದ್ಯ ಕವಿ ಕೇಶವಸುತರು ಹುಟ್ಟಿದ ಮಾಲಗುಂಡ, ಗಣಪತಿಪುಳೆ, ರತ್ನಾಗಿರಿ. ಬ್ರಹ್ಮದೇಶದ ಕೊನೆಯ ಅರಸ ಥಿಬಾ ಸೆರೆಯಾಳಾಗಿ ಬಂದು, ಮರಳಿ ಹೋಗಲಾಗದೆ 1916ರಲ್ಲಿ ಕಣ್ಣು ಮುಚ್ಚಿದ ಊರದು. ಅವನ ಅರಮನೆ ಕಡಲಿನತ್ತ ಮುಖ ಮಾಡಿ ಇಂದಿಗೂ ನಿಂತಿದೆ. ನಾಲ್ಕನೆಯ ದಿನ ವಿಜಯದುರ್ಗ, ದೇವಗಡ, ಮಾಲವಣ. ಐದನೆಯ ದಿನ ವೆಂಗುರ್ಲೆ, ಶಿರೋಡೆ, ಗೋವೆ. ಶಿರೋಡೆಯಲ್ಲಿ ವಿ. ಸ. ಖಾಂಡೇಕರರು ಅನೇಕ ವರ್ಷ ಶಿಕ್ಷಕರಾಗಿದ್ದರು. 1930ರಲ್ಲಿ ಅಲ್ಲಿ ಉಪ್ಪಿನ ಸತ್ಯಾಗ್ರಹ ನಡೆಯಿತು. ಅದೇ ವರ್ಷ ನಮ್ಮ ಅಂಕೋಲೆಯಲ್ಲಿಯೂ. ಆರನೆಯ ದಿನ ಪೋಳೆಂ ಗಡಿ, ಕಾರವಾರ, ಅಂಕೋಲಾ, ಮನೆ.

ದಿನಕ್ಕೆ ನೂರೈವತ್ತು ಕಿಲೋಮೀಟರಿಗಿಂತ ಹೆಚ್ಚು ಇಟ್ಟುಕೊಳ್ಳಬಾರದು. ಕೆಂಪುಗಲ್ಲಿನ ಗುಡ್ಡ ಕಡಿದು ಮಾಡಿದ ಕಿರಿದಾದ ರಸ್ತೆಗಳಲ್ಲಿ, ಎದುರಿನಿಂದ ಬಸ್ಸು ಬಂದರೆ ನಿಂತು ದಾರಿ ಬಿಡಬೇಕಾದ ಕಡೆಗಳಲ್ಲಿ, ಗಂಟೆಗೆ ಮೂವತ್ತು ಕಿಲೋಮೀಟರ್ ಸಾಗಿದರೂ ಅದೇ ದೊಡ್ಡದು. ಕತ್ತಲಾದ ಮೇಲೆ ಓಡಿಸುವುದು ಬೇಡ. ಜಂಗಲಿನ ಕೊನೆಯ ಸರದಿ ಎಷ್ಟು ಹೊತ್ತಿಗೆ ಎಂಬುದನ್ನು ಹಿಂದಿನ ದಿನವೇ ಫೋನಿನಲ್ಲಿ ವಿಚಾರಿಸಿಕೊಳ್ಳಬೇಕು. ಅದು ತಪ್ಪಿದರೆ ಆಚೆ ದಡ ಕಣ್ಣಿಗೆ ಕಾಣುತ್ತಿದ್ದರೂ ಗಂಟೆಗಟ್ಟಲೆ ಸುತ್ತು ಬಳಸಬೇಕಾದೀತು. ಮಳೆಗಾಲವಂತೂ ಈ ಯಾತ್ರೆಗೆ ಸಲ್ಲ. 1947ರ ಜುಲೈ 17ರಂದು ಇದೇ ಭಾವೂಚಾ ಧಕ್ಕೆಯಿಂದ ರೇವಸಕ್ಕೆ ಹೊರಟ ‘ರಾಮದಾಸ’ ಎಂಬ ಆಗಬೋಟು ಬಿರುಮಳೆಯಲ್ಲಿ ಮುಳುಗಿ ಆರುನೂರಕ್ಕೂ ಹೆಚ್ಚು ಜನ ತೀರಿಕೊಂಡರು. ನೆಲದ ಮೇಲೂ ಆಷಾಢ ಕ್ಷೇಮವಲ್ಲ: 2024ರ ಜುಲೈ 16ರಂದು ಅಂಕೋಲೆಯ ಶಿರೂರಿನಲ್ಲಿ ಗುಡ್ಡ ಕುಸಿದು ಹೆದ್ದಾರಿಯ ಮೇಲೆ ಬಿದ್ದದ್ದನ್ನು ನಾವಾರೂ ಮರೆತಿಲ್ಲ.

ಇನ್ನು ಕಾರಿನ ಮಾತು. ನಾವೇ ಓಡಿಸಿಕೊಳ್ಳುವ ಬಾಡಿಗೆ ವಾಹನಕ್ಕೆ ಕಪ್ಪು ಫಲಕದ ಮೇಲೆ ಹಳದಿ ಅಕ್ಷರಗಳಿರುತ್ತವೆ. 1989ರ ರೆಂಟ್-ಎ-ಕ್ಯಾಬ್ ಯೋಜನೆಯ ಸಂತಾನ ಅದು. ಬಿಳಿ ಫಲಕದ ಖಾಸಗಿ ಕಾರನ್ನು ಅಗ್ಗಕ್ಕೆ ಕೊಡುವವರೂ ಸಿಗುತ್ತಾರೆ. ಆದರೆ ಅಪಘಾತವಾದರೆ ವಿಮೆಯವರು ಕೈಬಿಡುವ ಅಪಾಯವಿದೆ. ನಾನು ಲಿಖಿತವಾಗಿ ಕೇಳಿಕೊಂಡ ಪ್ರಶ್ನೆಗಳನ್ನು ಇಲ್ಲಿ ಕೊಡುತ್ತೇನೆ, ಯಾರಿಗಾದರೂ ಉಪಯೋಗಕ್ಕೆ ಬಂದೀತು. ಮೂರು ರಾಜ್ಯಗಳಲ್ಲಿ ಓಡಿಸಲು ಬೇಕಾದ ಅಖಿಲ ಭಾರತ ಪರ್ಮಿಟ್ ಇದೆಯೇ? ಕಾರನ್ನು ಜಂಗಲಿನ ಮೇಲೇರಿಸಲು ಒಪ್ಪಿಗೆ ಇದೆಯೇ, ಆ ಹೊತ್ತಿನಲ್ಲಿ ಹಾನಿಯಾದರೆ ವಿಮೆ ಅನ್ವಯಿಸುತ್ತದೆಯೇ? ದಿನಕ್ಕೆ ಎಷ್ಟು ಕಿಲೋಮೀಟರಿನ ಮಿತಿ? ಠೇವಣಿ ಯಾವಾಗ ಮರಳುತ್ತದೆ? ಕಾರು ಪಡೆಯುವಾಗ ಒಂದೊಂದು ಗೀರನ್ನೂ ಇಂಧನದ ಮುಳ್ಳನ್ನೂ ಮೊಬೈಲಿನಲ್ಲಿ ಚಿತ್ರೀಕರಿಸಿಕೊಳ್ಳಬೇಕು. ಯಾರು ಎಷ್ಟು ಹುರಿದುಂಬಿಸಿದರೂ ಮರಳ ದಂಡೆಗೆ ಚಕ್ರ ಇಳಿಸಬಾರದು. ಅಪ್ಪನ ಮಂಡಿನೋವಿಗಾಗಿ ಹೆಚ್ಚು ಎತ್ತರವೂ ಅಲ್ಲದ, ಹೆಚ್ಚು ತಗ್ಗೂ ಅಲ್ಲದ ಆಸನದ ಕಾರು ಹುಡುಕುವುದಕ್ಕೇ ಒಂದು ಶನಿವಾರ ಕಳೆಯಿತು.

ಸರ್ಕಾರಿ ನೌಕರ ಮಿತ್ರರಿಗೆ ಒಂದು ಮಾತು: ಬಾಡಿಗೆ ಕಾರಿನ ಪಯಣಕ್ಕೆ ಎಲ್‌ಟಿಸಿ ದೊರೆಯದು. ಆದ್ದರಿಂದ ಗಳಿಕೆ ರಜೆ ಹತ್ತು ದಿನ, ಕೇಂದ್ರಸ್ಥಾನ ಬಿಡುವ ಅನುಮತಿ, ಸ್ವಂತ ಖರ್ಚು. ‘ಹೋಮ್ ಟೌನ್’ ಸೌಲಭ್ಯವನ್ನು ಉಳಿಸಿಕೊಂಡಿದ್ದೇನೆ. ಅದಕ್ಕೆ ಕಾರಣವುಂಟು, ಮುಂದೆ ಹೇಳುತ್ತೇನೆ.

ರೇವಸ-ರೇಡಿ ಸಾಗರ ಹೆದ್ದಾರಿಯ ಯೋಜನೆಯಲ್ಲಿ ಮಹಾರಾಷ್ಟ್ರದ ಈ ಅಳಿವೆಗಳಿಗೆ ಸೇತುವೆಗಳು ಬರಲಿವೆ. ‘ಅವು ಬರುವ ಮೊದಲೇ ನೋಡಿಬಿಡೋಣ, ಆಮೇಲೆ ಈ ಜಂಗಲ್, ಈ ಕಾಯುವಿಕೆ ಯಾವುದೂ ಇರುವುದಿಲ್ಲ’ ಎಂದು ನಾನು ಊಟದ ಹೊತ್ತಿನಲ್ಲಿ ಹೇಳಿದೆ. ಇಂಗ್ಲಿಷ್ ಸಾಹಿತ್ಯ ಓದಿದವರಿಗೆ ಕಣ್ಮರೆಯಾಗುವ ವಸ್ತುಗಳ ಮೇಲೆ ಒಂದು ಬಗೆಯ ಮಮತೆ ಅಂಟಿಕೊಂಡಿರುತ್ತದೆ. ಹದಿನಾರರ ಮಗಳು ತಲೆದೂಗಿದಳು. ಶರಾವತಿ ಹಿನ್ನೀರಿನ ಸಿಗಂದೂರು ಲಾಂಚಿನಲ್ಲಿ ಚಿಕ್ಕಂದಿನಲ್ಲಿ ದಾಟಿದ್ದು ಅವಳಿಗೆ ನೆನಪಿದೆ. 2025ರ ಜುಲೈಯಲ್ಲಿ ಅಲ್ಲಿಯೂ ಸೇತುವೆಯಾಯಿತು.

ಅಪ್ಪ ಅನ್ನ ಕಲಸುತ್ತಿದ್ದವರು ಕೈ ನಿಲ್ಲಿಸಿದರು. ‘ತಮಾ, ಸೇತುವೆ ಬರಲಿ. ಬರಬೇಕು’ ಎಂದರು. ಆಮೇಲೆ ಅವರು ಹೇಳಿದ್ದನ್ನು ನಾನು ಅದುವರೆಗೆ ಪೂರ್ತಿಯಾಗಿ ಕೇಳಿರಲಿಲ್ಲ. ನನಗೊಬ್ಬ ದೊಡ್ಡತ್ತೆ ಇದ್ದಳೆಂದೂ ಚೊಚ್ಚಲ ಹೆರಿಗೆಯಲ್ಲಿ ತೀರಿಹೋದಳೆಂದೂ ಗೊತ್ತಿತ್ತು, ಅಷ್ಟೇ. ಆಷಾಢದ ರಾತ್ರಿ. ಹಳ್ಳಿಗೂ ಪೇಟೆಗೂ ನಡುವೆ ತುಂಬಿದ ಹೊಳೆ. ತಾರಿಯ ದೋಣಿ ಆಚೆ ದಡದಲ್ಲಿ. ಕೂಗಿದರೆ ಕೇಳದು, ಕೇಳಿದರೂ ಅಂಬಿಗ ಆ ನೀರಿಗೆ ದೋಣಿ ಇಳಿಸುವಂತಿಲ್ಲ. ಹನ್ನೆರಡು ವರ್ಷದ ಅಪ್ಪ ಕಂದೀಲು ಹಿಡಿದು ದಡದಲ್ಲಿ ಬೆಳಗಿನವರೆಗೆ ನಿಂತಿದ್ದರು. ಬೆಳಿಗ್ಗೆ ದೋಣಿ ಬಂತು. ‘ಅಕ್ಕನ್ನ ದಾಟಿಸೂದು ಬೇಕಾಗಲಿಲ್ಲ’ ಎಂದು ಹೇಳಿ ಅಪ್ಪ ಊಟ ಮುಂದುವರಿಸಿದರು.

ಅಂದಿನಿಂದ ನನ್ನ ಟಿಪ್ಪಣಿ ಪುಸ್ತಕದ ಆರು ಕಡವುಗಳನ್ನು ನಾನು ನೋಡುವ ಬಗೆ ಬೇರೆಯಾಗಿದೆ. ದಡದಲ್ಲಿ ಅರ್ಧ ಗಂಟೆ ಕಾಯುವುದು ನಮಗೆ ಕೋಕಂ ಸೋಡಾ ಕುಡಿಯುವ ಸಮಯ, ಚಿತ್ರ ತೆಗೆಯುವ ಸಮಯ. ಅದೇ ದಡದಲ್ಲಿ ಬದುಕುವವರು ಶಾಲೆಗೆ, ಆಸ್ಪತ್ರೆಗೆ, ಪೇಟೆಗೆ ದಿನವೂ ಕಾಯುತ್ತಾರೆ. ರಮಣೀಯವೆಂದು ನಾವು ಕರೆಯುವ ದಾರಿಯಲ್ಲಿ ನಿಧಾನವು ದಾಟಿಹೋಗುವವರಿಗೆ ಸಿಗುವ ಸುಖ. ಅದರ ಬೆಲೆ ತೆರುವವರು ಅಲ್ಲೇ ಉಳಿಯುವವರು. ಹಾಗೆಂದು ಸೇತುವೆಯನ್ನು ಕಟ್ಟಿದರಷ್ಟೇ ಸಾಲದು, ಕಾಯಬೇಕು ಕೂಡ. 2024ರ ಆಗಸ್ಟಿನಲ್ಲಿ ಕಾಳಿ ನದಿಯ ಹಳೆಯ ಸೇತುವೆ ನಡುರಾತ್ರಿ ಕುಸಿದು ಲಾರಿಯೊಂದು ನೀರಿಗೆ ಬಿತ್ತು. ಚಾಲಕನನ್ನು ಜೀವಂತವಾಗಿ ಮೇಲೆತ್ತಿದ್ದು ಪುಣ್ಯ. ನಾವು ಕಡವುಗಳನ್ನು ಕೈಬಿಟ್ಟಿಲ್ಲ, ಆರನ್ನೂ ದಾಟುತ್ತೇವೆ. ‘ಸೇತುವೆ ಬರುವ ಮೊದಲು’ ಎಂಬ ಮಾತನ್ನು ಮಾತ್ರ ಮನೆಯಲ್ಲಿ ಯಾರೂ ಆಡುತ್ತಿಲ್ಲ.

ಈಚೆಗೆ ಬಾಡಿಗೆಯ ಅರ್ಜಿ ತುಂಬುವಾಗ ಒಂದು ಕಾಲಂ ಎದುರಾಯಿತು: ಒಂದೇ ಕಡೆಯ ಪಯಣವೋ, ಹೋಗಿ ಬರುವುದೋ? ಕುಮಟಾದಲ್ಲಿ ಕಾರು ಬಿಡುವ ಸೌಕರ್ಯವಿಲ್ಲ, ಹೋಗಿ ಬರುವುದೇ ಎಂದು ಗುರುತು ಹಾಕಿದೆ. ಪಕ್ಕದಲ್ಲಿದ್ದ ಅಪ್ಪ, ‘ಕಾರು ಬರಲಿ. ನಾ ಅಲ್ಲೇ ಇರ್ತೆ’ ಎಂದರು. ಮಂಡಿಯ ಮಾತು ಬಂತು, ಒಂಟಿತನದ ಮಾತು ಬಂತು, ರಾತ್ರಿ ಏನಾದರೂ ಆದರೆ ಎಂಬ ಮಾತನ್ನು ನನ್ನ ಹೆಂಡತಿಯೇ ಎತ್ತಿದಳು. ಅದಕ್ಕೆ ಅವರ ಉತ್ತರ ಸಿದ್ಧವಾಗಿತ್ತು. ‘ಈಗ ಹೊಳೆಗೆ ಸೇತುವೆ ಅದೆ. ಆಂಬುಲೆನ್ಸು ಅಂಗಳಕ್ಕೇ ಬರ್ತದೆ. ಇಲ್ಲಿ ಲಿಫ್ಟ್ ಕೆಟ್ಟರೆ ನಾಲ್ಕು ಮಾಳಿಗೆ ಇಳಿಯೂಕೆ ನನ್ನಿಂದ ಆಗೂದಿಲ್ಲ.’ ಈ ವಾದಕ್ಕೆ ನಮ್ಮಲ್ಲಿ ಉತ್ತರವಿರಲಿಲ್ಲ. ನಮ್ಮ ಕಟ್ಟಡದ ಲಿಫ್ಟ್ ಕಳೆದ ತಿಂಗಳು ಒಂಬತ್ತು ದಿನ ನಿಂತಿತ್ತು.

ಯುಗಾದಿಯವರೆಗೆ ಅವರು ಊರಲ್ಲಿರುವುದು, ಯುಗಾದಿಗೆ ನಾವು ರೈಲಿನಲ್ಲಿ ಹೋಗಿ ನೋಡುವುದು, ಮುಂದಿನದನ್ನು ಅಲ್ಲಿಯೇ ಕುಳಿತು ಮಾತಾಡುವುದು ಎಂದು ಸದ್ಯಕ್ಕೆ ತೀರ್ಮಾನವಾಗಿದೆ. ಎಲ್‌ಟಿಸಿಯನ್ನು ಉಳಿಸಿಕೊಂಡದ್ದು ಅದಕ್ಕಾಗಿ. ಮಗಳು ಪುಟಕ್ಕೊಂದು ದಿನದಂತೆ ಯೋಜನೆಯನ್ನು ನೀಟಾಗಿ ಬರೆದಿಟ್ಟಿದ್ದಾಳೆ. ಬಂದರುಗಳ ಕಾಗುಣಿತವನ್ನು ತಿದ್ದಿಕೊಟ್ಟವರು ಅಪ್ಪ. ಹಿಂದಿರುಗುವಾಗ ಬೆಳಗಾವಿ, ಪುಣೆಗಳ ಮೇಲೆ ಎರಡೇ ದಿನದಲ್ಲಿ ಬರುತ್ತೇವೆ. ಮೂವರಿಗೆ ಅಷ್ಟು ಸಾಕು.