ಗುಟಿಗೆ ಎಷ್ಟು ಮಳೆ?

ಹರಾರೆ, ನವೆಂಬರ್ 1, 2023. ಬುಧವಾರ

ಮಳೆಯಿಲ್ಲ. ಮಕ್ಕಳ ಪುಸ್ತಕದ ಪ್ರಾಣಿ ಕೊನೆಗೂ ಕಾಗದಕ್ಕಿಳಿಯಿತು. ಮೈಯೆಲ್ಲ ಚಿಪ್ಪು, ಚಿಪ್ಪುಹಂದಿಯದು. ಇಲ್ಲಿ ಅದು ಹಾಕಾ. ಮುಂಗಾಲು ಎದೆಗೊತ್ತಿಕೊಂಡು ಹಿಂಗಾಲಲ್ಲಿ ನಡೆಯುತ್ತೆ, ಸಾಲ ಕೇಳಲು ಬಂದ ನೆಂಟನ ಹಾಗೆ. ಚಿಪ್ಪಿಗೆ ಮುಸಾಸಾ ಮರದ ಚಿಗುರಿನ ತಾಮ್ರದ ಬಣ್ಣ. ಹೋದಲ್ಲೆಲ್ಲ ಹುಲ್ಲು ಚಿಗುರಬೇಕು. ಹೆಸರು ಹೊಳೆಯುತ್ತಿಲ್ಲ.

ನ. 3, ಶುಕ್ರವಾರ

ತಾರಿರೊ ಎಂದಿಟ್ಟೆ. ಶೋನಾ ಭಾಷೆಯಲ್ಲಿ ಭರವಸೆ.

"ಅದು ನಮ್ಮಣ್ಣನ ಮೊಮ್ಮಗಳ ಹೆಸರಲ್ಲವೇ, ಮಾಯ್ ಪುಟ್ಟಿ," ಅಂದರು ಪಕ್ಕದ ಮನೆಯ ಅಂಬುಯಾ. ಮಗಳನ್ನು ನಾವು ಕರೆಯುವುದು ಕೇಳಿ ಕೇಳಿ ನಾನು ಮಾಯ್ ಪುಟ್ಟಿ, ಪುಟ್ಟಿಯ ಅಮ್ಮ, ಆಗಿಬಿಟ್ಟಿದ್ದೇನೆ.

"ಪ್ರಾಣಿಗೆ ಇಡಬಾರದಾ?"

"ಇಡು. ಆದರೆ ಯಾರಿಗೆ ಕೇಳಿಸಲಿ ಅಂತ ಇಡ್ತೀಯ?"

ಅವರ ನಾಯಿ ಮುಚಾನೆಟಾ. ‘ನೀವೇ ದಣೀತೀರಿ’ ಅಂತ. ಸಂಜೆ ಗೇಟಿನಲ್ಲಿ ನಿಂತು ಬೀದಿಗೆಲ್ಲ ಕೇಳುವಂತೆ ಕೂಗುತ್ತಾರೆ. ಆ ಮಾತು ಯಾವ ಮನೆಗೆ ಅಂತ ಬಾಯಿಬಿಡಲಿಲ್ಲ. ನಮಗಲ್ಲ ಅಂದುಕೊಂಡಿದ್ದೇನೆ.

ನ. 7, ರಾತ್ರಿ

ಕರೆಂಟಿಲ್ಲ. ಪುಟ್ಟಿ ಕೇಳಿದಳು: "ನಿನ್ನ ಪ್ರಾಣಿ ಮಳೆ ತರಿಸುತ್ತಾ ಅಮ್ಮಾ?" ಹೂಂ ಅಂದೆ. "ಮತ್ತೆ ಯಾಕೆ ತರಿಸ್ತಿಲ್ಲ?"

ನ. 12, ನರಕ ಚತುರ್ದಶಿ

ಎಣ್ಣೆಸ್ನಾನಕ್ಕೆ ಮೂವರಿಗೂ ಸೇರಿ ಒಂದೇ ಬಕೆಟ್ಟು. ಅಂಬುಯಾಗೆ ಚಕ್ಕುಲಿ ಕೊಟ್ಟೆ. ಅವರು ಮಜಾಂಜೆ ಹಣ್ಣು ಕೊಟ್ಟರು. ಕಂದು ಸಿಪ್ಪೆಯನ್ನು ಹೆಬ್ಬೆರಳಲ್ಲಿ ಒತ್ತಿದರೆ ಟಪ್ಪೆಂದು ಒಡೆಯುತ್ತೆ. ಒಳಗಿನ ಸಿಹಿ ತಿರುಳು ಬೀಜ ಬಿಟ್ಟು ಬರುವುದಿಲ್ಲ, ಚೀಪುತ್ತಲೇ ಇರಬೇಕು. ಕಾಡಲ್ಲಿ ಹಣ್ಣು ತಿನ್ನುವಾಗ ಮೂಗು ಮುರಿದರೆ ದಾರಿ ತಪ್ಪುತ್ತಂತೆ. ಬರೆದಿಟ್ಟುಕೊಂಡೆ.

ಮಳೆ ತರುವ ಪ್ರಾಣಿ ಅಂದ ಕೂಡಲೇ ಅವರ ನಗು ನಿಂತಿತು. ಮಳೆ ಕೇಳಲು ಮುಕ್ವೆರೆರಾ ಇದೆ. ರಾಗಿಯ ಬಿಯರು ಮಾಡಿ, ಮುಹಾಚಾ ಮರದಡಿ ಹಿರಿಯರಿಗೆ ಒಪ್ಪಿಸಬೇಕು. ಅವರು ದೇವರಿಗೆ, ಮ್ವಾರಿಗೆ, ಮುಟ್ಟಿಸುತ್ತಾರೆ. ಅದೂ ಈಗಲ್ಲ. ನವೆಂಬರ್ ಎಂದರೆ ಮ್ಬುಡ್ಜಿ, ಮೇಕೆಯ ತಿಂಗಳು. ಮದುವೆಯೂ ಇಲ್ಲ, ಹಿರಿಯರ ಕಾರ್ಯವೂ ಇಲ್ಲ.

ರಾಗಿ ಎಂದಾಗ ನನಗೆ ಅಜ್ಜಿ ಮನೆ ನೆನಪಾಯಿತು. ಹೇಳಲಿಲ್ಲ.

ನ. 16

ಬೆಂಗಳೂರಿಂದ ಸಂಪಾದಕರ ಫೋನು. "ಸಿಂಬಾ ಥರ ಏನಾದ್ರೂ ಇಡಿ ಮೇಡಂ." ಶೋನಾದಲ್ಲಿ ಸಿಂಬಾ ಎಂದರೆ ಬಲ. ಹೆದರಿದರೆ ಉಂಡೆಯಾಗಿ ಬಿದ್ದುಕೊಳ್ಳುವ ಪ್ರಾಣಿಗೆ ಬಲವೇನು ಬಂತು! ಸಿಟ್ಟು ಬಂತು. ಆಮೇಲೆ, ಅವರಿಗೂ ಮಾರಬೇಕಲ್ಲ.

ನ. 19, ಭಾನುವಾರ

ಹೆಸರು ಸಿಕ್ಕಿತು. ಗುಟಿ.

ನ್ಯಾಂಗಾ ಬೆಟ್ಟದಲ್ಲಿ ಕಂಡಿದ್ದೆ. ಸೋನೆಯೂ ಅಲ್ಲ, ಬರೀ ಮಂಜೂ ಅಲ್ಲ. ಸ್ವೆಟರಿನ ಎಳೆಎಳೆಗೂ ಹನಿ. ಗುಟಿ ಬಂದರೆ ಜೋಳದ ಹೊಲಕ್ಕೆ ಸಾಲದು, ಮೈ ಒದ್ದೆಯಾಗುತ್ತೆ ಅಷ್ಟೇ. ನನ್ನ ಪ್ರಾಣಿಯ ಮಾಯೆಯೂ ಅಷ್ಟೇ ಇರಲಿ. ತನ್ನ ಬೆನ್ನಿನಗಲ ಮಳೆ, ಪಕ್ಕದಲ್ಲಿ ನಡೆಯುವವರಿಗೂ ನಾಲ್ಕು ಹನಿ. ಬರದ ವರ್ಷದಲ್ಲಿ ಇದಕ್ಕಿಂತ ದೊಡ್ಡ ಮಾಯೆ ಬರೆಯಲು ಕೈ ಬರುತ್ತಿಲ್ಲ. ಇದು ಜಿಪುಣತನವೋ ಏನೋ.

ನ. 22

ಈ ಹೆಸರಿಗೆ ಅಂಬುಯಾ ಬೇಡ ಅನ್ನಲಿಲ್ಲ. "ಅದರ ಮುತುಪೊ ಯಾವುದು?" ಅಂದರು. ಕುಲದ ಗುರುತಿಲ್ಲದಿದ್ದರೆ ನಮಸ್ಕಾರ ಹೇಳುವುದು ಹೇಗಂತೆ! ಡ್ಜಿವಾ, ಮಡುವಿನ ಕುಲ ಅಂದೆ. "ಹಾಗಾದರೆ ಮೀನು ತಿನ್ನಿಸಬೇಡ." ಇರುವೆ, ಗೆದ್ದಲು ತಿನ್ನುತ್ತೆ, ತೊಂದರೆಯಿಲ್ಲ.

ಹಾಕಾ ಸಿಕ್ಕಿದರೆ ಹಿಂದೆ ಊರಿನ ಮುಖ್ಯಸ್ಥರಿಗೇ ಒಪ್ಪಿಸುತ್ತಿದ್ದರಂತೆ, ಮಾರುತ್ತಿರಲಿಲ್ಲ. ಈಗ ಇಟ್ಟುಕೊಂಡವರಿಗೆ 9 ವರ್ಷ ಜೈಲು. ಕತೆಯ ಹುಡುಗಿ ಗುಟಿಯನ್ನು ಒಪ್ಪಿಸುತ್ತಾಳಾ, ಬಚ್ಚಿಡುತ್ತಾಳಾ? ಎರಡೂ ಬರೆದು ನೋಡಿದೆ. ಎರಡೂ ಸರಿಯಿಲ್ಲ.

ನ. 25, ಶನಿವಾರ

ಮುತುಪೊ ಏನೆಂದು ಪುಟ್ಟಿಗೆ ವಿವರಿಸಿದೆ. ತನ್ನದು ಉಪ್ಪಿಟ್ಟು ಅಂತ ಘೋಷಿಸಿದ್ದಾಳೆ. ಇನ್ನು ಮುಟ್ಟುವ ಹಾಗಿಲ್ಲವಂತೆ. ಸೋಮವಾರ ಚಿತ್ರಗಳನ್ನು ಕಳಿಸಬೇಕು. ಕೊನೆಯ ಪುಟ ಖಾಲಿಯೇ ಇದೆ.