ಗರಿಕೆ ಬಿತ್ತುವ ಹದ

ಮೃಗಶಿರಾ ಮಳೆ ಮಣ್ಣನ್ನು ಹದಕ್ಕೆ ತಂದು ಆರಿದ್ರಾ ಹುಟ್ಟುವ ಹೊತ್ತಿಗೆ ನನಗೆ ಮನೆಯೊಳಗೆ ಕೂರಲಾಗುವುದಿಲ್ಲ. ಬೆಂಗಳೂರಿನ ಹೂಡಿಯ ಸುತ್ತ ಹಿಂದೆ ರಾಗಿ ಬಿತ್ತುತ್ತಿದ್ದ ನೆಲದಲ್ಲಿ ಈಗ ಮೆಟ್ರೊ ಕಂಬಗಳೂ ಅಪಾರ್ಟ್‌ಮೆಂಟುಗಳೂ ಎದ್ದಿವೆ. ನಮ್ಮ ಕಟ್ಟಡದ ಮುಂದಿನ ಹುಲ್ಲುಹಾಸೇ ನನ್ನ ಪಾಲಿನ ಹೊಲ. ಅದರಲ್ಲಿ ಬೋಳುಬಿದ್ದ ಕಡೆ ಗರಿಕೆ ಬೀಜ ಬಿತ್ತುವುದು ನಾನು ವರ್ಷವಿಡೀ ಕಾದು ಮಾಡುವ ಕೆಲಸ.

ಹುಲ್ಲು ತೆಳುವಾಯಿತೆಂದರೆ ಎಲ್ಲರದ್ದೂ ಒಂದೇ ಸಲಹೆ: ಕಿತ್ತುಹಾಕಿ, ನರ್ಸರಿಯಿಂದ ಹೊಸ ಹಾಸು ತಂದು ಹಾಸಿಬಿಡಿ. ಒಂದೇ ದಿನದಲ್ಲಿ ಅಂಗಳ ಹಸಿರಾಗುವುದೇನೋ ನಿಜ. ಆದರೆ ಅಡಿಯ ಮಣ್ಣು ಹಾಗೇ ಉಳಿಯುತ್ತದೆ. ನಮ್ಮಲ್ಲಿ ಒಂದು ಗೇಣು ಕೆಂಪುಮಣ್ಣು ತೆಗೆದರೆ ಇಟ್ಟಿಗೆ ಚೂರು, ಒಣಗಿದ ಸಿಮೆಂಟು. ಮೇಲೆ ದಿನವೂ ಮಕ್ಕಳ ಕ್ರಿಕೆಟ್. ತುಳಿದು ತುಳಿದು ಗಟ್ಟಿಯಾದ ನೆಲದಲ್ಲಿ ಬೇರಿಗೆ ಗಾಳಿಯಿಲ್ಲ, ನೀರೂ ಇಳಿಯುವುದಿಲ್ಲ. ಹಳೆಯದು ಸೊರಗಿದಲ್ಲೇ ಹೊಸದೂ ಸೊರಗುತ್ತದೆ. ಬಿತ್ತುವವರು ಮೊದಲು ಮಣ್ಣಿಗೆ ಕೈ ಹಾಕಲೇಬೇಕು. ನನಗೆ ಪ್ರಿಯವಾದದ್ದು ಅದೇ.

ಇರುವ ಹುಲ್ಲನ್ನು ಗಿಡ್ಡಗೆ ಕತ್ತರಿಸಿ, ಕಬ್ಬಿಣದ ಹಲ್ಲಿನ ರೇಕ್ ಎಳೆಯುತ್ತೇನೆ. ಬುಡದಲ್ಲಿ ಸಿಕ್ಕಿಕೊಂಡಿದ್ದ ಒಣ ನಾರು ರಾಶಿ ರಾಶಿಯಾಗಿ ಮೇಲೆ ಬರುತ್ತದೆ. ಜೇಕನ್ನು ಮಾತ್ರ ಕುಕ್ಕರಗಾಲಲ್ಲಿ ಕೂತು ಗಡ್ಡೆ ಸಮೇತ ಅಗೆಯಬೇಕು. ಎಲೆಯಷ್ಟೇ ಕಿತ್ತರೆ ವಾರದೊಳಗೆ ಮತ್ತೆ ಚಿಗುರುತ್ತದೆ. ಆಮೇಲೆ ಫೋರ್ಕ್ ಚುಚ್ಚಿ ನೆಲಕ್ಕೆ ತೂತು ಮಾಡಿ, ಜರಡಿ ಹಿಡಿದ ಮಣ್ಣು, ಮರಳು, ಎರೆಗೊಬ್ಬರ ಬೆರೆಸಿ ಎರಚುತ್ತೇನೆ. ಅಂಗೈಯಿಂದ ಸವರುತ್ತಾ ಹೋದರೆ ಅದು ತೂತುಗಳಿಗೆ ಇಳಿಯುತ್ತದೆ. ಬೆನ್ನು ನೋಯುತ್ತದೆ, ಆದರೂ ಏಳಲು ಮನಸ್ಸು ಬರುವುದಿಲ್ಲ.

ಗರಿಕೆ ಬೀಜ ಎಷ್ಟು ಸಣ್ಣದೆಂದರೆ ಒಂದು ಗ್ರಾಂನಲ್ಲಿ 3-4 ಸಾವಿರ ಕಾಳು. ಬರಿಗೈಯಲ್ಲಿ ಚೆಲ್ಲಿದರೆ ಒಂದೆಡೆ ಗುಡ್ಡೆ, ಒಂದೆಡೆ ಖಾಲಿ. ಅದಕ್ಕೇ ಒಣಮರಳಿನಲ್ಲಿ ಕಲಸಿ ಎರಡು ಪಾಲು ಮಾಡಿ, ಒಂದನ್ನು ಉದ್ದಕ್ಕೆ, ಇನ್ನೊಂದನ್ನು ಅಡ್ಡಕ್ಕೆ ಬೀರುವುದು. ಅರ್ಧ ಸೆಂಟಿಮೀಟರಿಗಿಂತ ಆಳ ಹೋಗಬಾರದು. ಹಲಗೆಯಿಟ್ಟು ಮೆಲ್ಲಗೆ ಒತ್ತಿದರೆ ಬೀಜ ಮಣ್ಣಿಗೆ ಅಂಟಿಕೊಳ್ಳುತ್ತದೆ. ಇರುವೆ, ಪಾರಿವಾಳಗಳ ಪಾಲೂ ಕಡಿಮೆಯಾಗುತ್ತದೆ. ಒಂದೆರಡು ವಾರ ಮೇಲ್ಮಣ್ಣು ಆರಕೂಡದು. ಆ ದಿನಗಳಲ್ಲಿ ಬೆಳಗಾಗುತ್ತಲೇ ಕೆಳಗಿಳಿದು ಬಗ್ಗಿ ನೋಡುವುದೇ ನನ್ನ ಮೊದಲ ಕೆಲಸ. ಸೂಜಿಗಿಂತ ತೆಳ್ಳನೆಯ ಮೊಳಕೆಗಳು ಮೇಲಿನಿಂದ ಕಾಣುವುದಿಲ್ಲ. ಓರೆ ಬಿಸಿಲಲ್ಲಿ ನೆಲಕ್ಕೆ ಮುಖ ತಾಗಿಸಿದಂತೆ ನೋಡಿದರೆ ಹಸಿರು ಮಬ್ಬು ಹಬ್ಬಿರುತ್ತದೆ. ಆ ನೋಟಕ್ಕೆ ನನಗೆ ಬೇರೆ ಸಾಟಿ ಸಿಕ್ಕಿಲ್ಲ.

ರಾಗಿ ಹೊಲದವರಿಗೆ ಗರಿಕೆ ತಲೆನೋವಿನ ಕಳೆ. ನೆಲದ ಮೇಲೂ ಕೆಳಗೂ ಕಾಂಡ ಹರಿಸಿ, ಗೆಣ್ಣು ಗೆಣ್ಣಿಗೆ ಬೇರಿಳಿಸುವ ಹುಲ್ಲು ಅದು. ಉಳುವಾಗ ತುಂಡಾದರೆ ತುಂಡೇ ಗಿಡವಾಗುತ್ತದೆ. ಅಂಗಳದಲ್ಲಿ ನಮಗೆ ಬೇಕಾದದ್ದು ಆ ಹಟವೇ. ಬಿಸಿಲು, ತುಳಿತ, ಬರ ಮೂರನ್ನೂ ತಾಳುತ್ತದೆ. ಚೌತಿಯ ಬೆಳಗ್ಗೆ ಗಣಪತಿಗೆ ಗರಿಕೆ ಬೇಕೆಂದು ಅಕ್ಕಪಕ್ಕದ ಅಮ್ಮಂದಿರು ಬುಟ್ಟಿ ಹಿಡಿದು ಬರುವುದು ನನಗೆ ಹಬ್ಬದಷ್ಟೇ ಸಂತೋಷ. ನೆರಳೊಂದನ್ನು ಮಾತ್ರ ಅದು ಸಹಿಸದು. ಹೊಂಗೆ ಮರದಡಿ ಎಷ್ಟು ಬಿತ್ತಿದರೂ ವ್ಯರ್ಥ. ಅಲ್ಲಿ ಎಲೆ ಉದುರಲು ಬಿಡುವುದೇ ಚೆಂದ.

ಇನ್ನು ನೀರಿನ ಮಾತು. 2024ರ ಮಾರ್ಚ್‌ನಲ್ಲಿ ಬೆಂಗಳೂರಿಗೆ ನೀರಿನ ಬವಣೆ ಬಂದಾಗ ಜಲಮಂಡಳಿ ಕೈತೋಟಕ್ಕೆ ಕುಡಿಯುವ ನೀರು ಹಾಯಿಸುವುದನ್ನು ನಿಷೇಧಿಸಿ 5,000 ರೂಪಾಯಿ ದಂಡ ಗೊತ್ತುಮಾಡಿತು. ಆ ನಿಷೇಧ ಸರಿಯಾಗಿತ್ತು ಎಂದೇ ನನ್ನ ಎಣಿಕೆ. ಕೊಳಚೆ ಶುದ್ಧೀಕರಣ ಘಟಕದ (ಎಸ್‌ಟಿಪಿ) ನೀರು ಗರಿಕೆಗೆ ಧಾರಾಳ ಸಾಕು. ಆ ನೀರಿನ ಉಪ್ಪಿನಂಶವನ್ನೂ ಹುಲ್ಲು ತಾಳಿಕೊಳ್ಳುತ್ತದೆ. ಮಳೆಗಾಲದಲ್ಲೇ ಬಿತ್ತಿದರೆ ಆ ನೀರೂ ಹೆಚ್ಚು ಬೇಡ.

ನಿಮ್ಮ ಅಂಗಳದ ಹುಲ್ಲೂ ತೆಳುವಾಗಿದ್ದರೆ ಕೀಳಿಸಬೇಡಿ. 100 ಚದರ ಅಡಿಗೆ 50 ಗ್ರಾಂ ಬೀಜ ಸಾಕು. ಬಿತ್ತಿದ ಮೇಲೆ ಒಂದು ತಿಂಗಳು ಯಾರೂ ತುಳಿಯದಂತೆ ಹಗ್ಗ ಕಟ್ಟಿ, ಆಟಕ್ಕೆ ಬೇರೆ ಜಾಗ ತೋರಿಸಿ ಮಕ್ಕಳನ್ನು ಒಪ್ಪಿಸಿ.