ಸಾಂತಾ ರೋಸಾದ ಹುಳಿ ಬಿಯರ್

ಕ್ಯಾಲಿಫೋರ್ನಿಯಾದಲ್ಲಿರುವ ಮಗನ ಮನೆಗೆ ಹೋಗಿದ್ದೆ. ಒಂದು ಶನಿವಾರ "ಬನ್ನಿ ಅಪ್ಪಾ, ಒಂದು ಕಡೆ ಹೋಗಿ ಬರೋಣ" ಅಂದ. ಗೋಲ್ಡನ್ ಗೇಟ್ ಸೇತುವೆ ದಾಟಿ ಉತ್ತರಕ್ಕೆ ಹೋದರೆ ದ್ರಾಕ್ಷಿ ತೋಟಗಳ ಸೊನೋಮಾ. ಅಲ್ಲಿನ ಸಾಂತಾ ರೋಸಾ ಊರಿನಲ್ಲಿ, 2004ರಿಂದ ಇರುವ ರಷ್ಯನ್ ರಿವರ್ ಬ್ರೂಯಿಂಗ್ ಕಂಪನಿಯ ಪಬ್ ಎದುರು ಇಳಿದಾಗ ನನಗೆ ಮುಜುಗರ. ಕಾಲೇಜಿನ ದಿನಗಳಲ್ಲಿ ಬಿಯರ್ ಕುಡಿದು ಬಂದನೆಂದು ಇವನನ್ನು ಬೈದು, ತಿಂಗಳುಗಟ್ಟಲೆ ಮಾತು ಬಿಟ್ಟವನು ನಾನು!

ಅವನು ತರಿಸಿದ್ದು 'ಸಪ್ಲಿಕೇಶನ್'. ಪಿನೋ ನ್ವಾರ್ ವೈನ್ ಇಟ್ಟಿದ್ದ ಓಕ್ ಮರದ ಪೀಪಾಯಿಗಳಲ್ಲಿ ಹುಳಿ ಚೆರ್ರಿ ಹಾಕಿ ಸುಮಾರು 12 ತಿಂಗಳು ಇಡ್ತಾರೆ. ಹುಳಿ ಬರಿಸೋದು ಲ್ಯಾಕ್ಟೋಬ್ಯಾಸಿಲಸ್, ಪೀಡಿಯೋಕಾಕಸ್ ಬ್ಯಾಕ್ಟೀರಿಯಾ. "ನಮ್ಮ ದೋಸೆ ಹಿಟ್ಟನ್ನು ಹುಳಿ ಬರಿಸೋ ಬಳಗದವೇ ಅಪ್ಪಾ" ಅಂದ.

ಒಂದು ಗುಟುಕಿಗೇ ಕಣ್ಣು ಮುಚ್ಚಿಹೋಯಿತು. ಮೊದಲು ಪುನರ್ಪುಳಿಯಂಥ ಹುಳಿ, ಆಮೇಲೆ ಚೆರ್ರಿ, ಕೊನೆಗೆ ಮರದ ಒಗರು. ಬಿಯರಿನ ಕಹಿ ಹುಡುಕಿದರೂ ಸಿಗಲಿಲ್ಲ.

"ಅವತ್ತು ಅಷ್ಟು ಬೈಬಾರದಿತ್ತು ಕಣೋ" ಅಂದೆ.

"ಬೈದದ್ದು ಮರೆತೇಹೋಯ್ತು. ಮಾತು ಬಿಟ್ರಲ್ಲ, ಅದೇ ಕಷ್ಟ ಆಗಿದ್ದು."

ಕಾರು ಓಡಿಸಬೇಕೆಂದು ಅವನು ಬರೀ ನೀರು ಕುಡಿದ. ನಾನು ಲೋಟ ಮುಗಿಸಿದೆ. ಮನೆ ಮುಟ್ಟುವವರೆಗೂ ಇಬ್ಬರೂ ಮಾತಾಡ್ತಾನೇ ಇದ್ವಿ.